ಎರಡು ಎಂಜಿನ್ ಇದ್ದೂ ವಿಮಾನ ಬೀಳುವುದೇಕೆ? ತಡವಾಗಿ ಕೊಟ್ಟ ಒಂದು ಉತ್ತರ



ಈ ಸಲದ ಬರಹಕ್ಕೆ ಕಾರಣ ಮಸ್ಕಿಯಿಂದ ಬಂದ ಒಂದು ದೂರವಾಣಿ ಕರೆ. ಕರೆ ಮಾಡಿದವನು ಲಿಂಗಸುಗೂರಿನಲ್ಲಿ ನನ್ನ ಬಳಿ ಒಂಬತ್ತನೆಯ ತರಗತಿ ಓದಿದವನು. ಈಗ ಅವನಿಗೆ ನಲವತ್ತೈದು ದಾಟಿದೆ. ಸಿಂಧನೂರಿನಲ್ಲಿ ಭತ್ತದ ವ್ಯಾಪಾರ. ಅವನ ಮಗಳು ವಿಮಾನ ಚಾಲನೆಯ ತರಬೇತಿಯಲ್ಲಿದ್ದಾಳೆ. ಒಂಟಿ ಎಂಜಿನ್ನಿನ ವಿಮಾನದ ಪಾಠ ಮುಗಿದು, ಎರಡು ಎಂಜಿನ್ನಿನ ಸಣ್ಣ ವಿಮಾನದ ಪಾಠ ಆರಂಭವಾಗಬೇಕಾಗಿದೆ. ಮನೆಯಲ್ಲಿ ಹಿರಿಯರು ಬೇಡವೆಂದು ಹಟ ಹಿಡಿದಿದ್ದಾರಂತೆ. ಯೋಗಕ್ಷೇಮದ ಮಾತುಗಳಾದ ಮೇಲೆ ಅವನು ಮೆಲ್ಲನೆ ಕೇಳಿದ: “ಸರ, ನಾ ಒಂಬತ್ತನೇತ್ತಾದಾಗ ಒಂದು ಪ್ರಶ್ನಿ ಕೇಳಿದ್ದೆ, ನೆನಪೈತೇನ್ರಿ? ನೀವು ಹಣೆಬರಹ ಅಂದಿದ್ರಿ. ಈಗ ಏನಂತೀರಿ?”

ನನಗೆ ನೆನಪಿತ್ತು. ಅದನ್ನು ಮರೆಯಲು ಪ್ರಯತ್ನಿಸಿದ್ದೆನೆಂದರೂ ತಪ್ಪಾಗದು.

1994ರ ಜುಲೈ 9, ಶನಿವಾರ. ಪಂಜಾಬಿನ ರಾಜ್ಯಪಾಲರಾಗಿದ್ದ ಸುರೇಂದ್ರನಾಥ್ ಅವರೂ ಅವರ ಕುಟುಂಬದವರೂ ಪ್ರಯಾಣಿಸುತ್ತಿದ್ದ ಸೂಪರ್ ಕಿಂಗ್ ಏರ್ ವಿಮಾನ ಹಿಮಾಚಲ ಪ್ರದೇಶದಲ್ಲಿ ಬೆಟ್ಟಕ್ಕೆ ಅಪ್ಪಳಿಸಿ 13 ಜನ ಮಡಿದರು. ಸೋಮವಾರ ನಾನು ತರಗತಿಯಲ್ಲಿ ಪತ್ರಿಕೆಯ ಸುದ್ದಿಯನ್ನು ಓದಿ ಹೇಳಿದೆ. ಹಿಂದಿನ ಬೆಂಚಿನಿಂದ ಈ ಹುಡುಗ ಎದ್ದು ನಿಂತ. “ಸರ, ಎರಡು ಇಂಜಿನ್ ಇದ್ರೂ ವಿಮಾನ ಹ್ಯಾಂಗ ಬಿತ್ರಿ?” ಉತ್ತರ ನನಗೆ ತಿಳಿದಿರಲಿಲ್ಲ. ತಿಳಿಯದು ಎನ್ನಲು ನಾಚಿಕೆಯಾಯಿತು. “ಹಣೆಬರಹ ಕಣಪ್ಪ, ಕೂತ್ಕೋ” ಎಂದುಬಿಟ್ಟೆ.

ವಿಪರ್ಯಾಸವೆಂದರೆ, ಅದೇ ವರ್ಷ ಅದೇ ಮಕ್ಕಳಿಗೆ ನಾನು ಮಸ್ಕಿಯ ಶಾಸನದ ಪಾಠ ಮಾಡಿದ್ದೆ. 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಬಂಡೆಗಲ್ಲು, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಹೆಸರು ಸಹಿತ ಸಾರಿತು. ಊಹೆ ಬೇರೆ, ಸಾಕ್ಷ್ಯ ಬೇರೆ ಎಂದು ಬೆಂಚು ಕುಟ್ಟಿ ಹೇಳಿದವನೇ ಹುಡುಗನ ಪ್ರಶ್ನೆಗೆ ಸಾಕ್ಷ್ಯವನ್ನು ಹುಡುಕದೆ ಹಣೆಬರಹದ ಹಿಂದೆ ಅಡಗಿದೆ. ನಿವೃತ್ತಿಯ ನಂತರ ಬಿಡುವು ದೊರೆತಾಗ ಈ ವಿಷಯವನ್ನು ಓದಿದೆ. ಓದಿದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಎರಡು ಎಂಜಿನ್ನಿನ ಸಣ್ಣ ವಿಮಾನಗಳ ಚರಿತ್ರೆ ಹಳೆಯದು. ಅಮೆರಿಕದ ಬೀಚ್‌ಕ್ರಾಫ್ಟ್ 18 ಎಂಬ ವಿಮಾನ 1937ರಲ್ಲೇ ಹಾರಿತು. ಕಿಂಗ್ ಏರ್ 1964ರಲ್ಲಿ ಬಂದಿತು. ಭಾರತದಲ್ಲಿ ರಾಜ್ಯ ಸರ್ಕಾರಗಳೂ ಉದ್ಯಮಿಗಳೂ ಇವುಗಳನ್ನು ಬಹುವಾಗಿ ಬಳಸಿದರು. ಪಂಚಾಯತ್ ರಾಜ್ ಪಾಠದಲ್ಲಿ ನೀವೆಲ್ಲ ಬಾಯಿಪಾಠ ಮಾಡಿದ ಬಲವಂತರಾಯ್ ಮೆಹತಾ ಅವರು ಗುಜರಾತಿನ ಮುಖ್ಯಮಂತ್ರಿಯಾಗಿದ್ದಾಗ ಮಡಿದದ್ದು ಇಂತಹ ಬೀಚ್‌ಕ್ರಾಫ್ಟ್ ವಿಮಾನದಲ್ಲಿಯೇ. 1965ರ ಸೆಪ್ಟೆಂಬರ್ 19ರಂದು, ಯುದ್ಧಕಾಲದಲ್ಲಿ, ಕಚ್ಛ್‌ನ ಸುಥರಿ ಎಂಬ ಹಳ್ಳಿಯ ಬಳಿ ಪಾಕಿಸ್ತಾನದ ಯುದ್ಧವಿಮಾನವೊಂದು ಅದನ್ನು ಹೊಡೆದುರುಳಿಸಿತು. ಪತ್ನಿಯೂ ಸೇರಿ ಎಂಟು ಜನ ತೀರಿಕೊಂಡರು. ಅದು ಅಪಘಾತವಲ್ಲ, ಯುದ್ಧದ ಕ್ರೌರ್ಯ. ಆದ್ದರಿಂದ ಅದನ್ನು ಬದಿಗಿರಿಸಿ ಉಳಿದವುಗಳನ್ನು ನೋಡೋಣ.

ಮೊದಲು ಹುಡುಗನ ಪ್ರಶ್ನೆ. ಎರಡು ಎಂಜಿನ್ನುಗಳಲ್ಲಿ ಒಂದು ನಿಂತರೆ ಅರ್ಧ ಶಕ್ತಿ ಉಳಿಯುತ್ತದಲ್ಲವೇ? ಉಳಿಯುತ್ತದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಇಬ್ಬರು ಅಣ್ಣತಮ್ಮಂದಿರು ದುಡಿದು ದಿನಕ್ಕೆ 100 ರೂಪಾಯಿ ತರುತ್ತಾರೆನ್ನಿ. ಮನೆಯ ಖರ್ಚು 40, ಉಳಿತಾಯ 60. ಒಬ್ಬ ಹಾಸಿಗೆ ಹಿಡಿದರೆ ಆದಾಯ 50ಕ್ಕೆ ಇಳಿಯಿತು, ಖರ್ಚು ಇದ್ದಷ್ಟೇ ಇದೆ. ಉಳಿತಾಯ ಕೇವಲ 10. ಗಳಿಕೆಯಲ್ಲಿ ಹೋದದ್ದು ಅರ್ಧ, ಉಳಿತಾಯದಲ್ಲಿ ಹೋದದ್ದು ಆರರಲ್ಲಿ ಐದು ಪಾಲು. ವಿಮಾನ ಮೇಲೇರುವುದು ಈ ಉಳಿತಾಯದ ಶಕ್ತಿಯಿಂದ. ಸಣ್ಣ ವಿಮಾನದಲ್ಲಿ ಒಂದು ಎಂಜಿನ್ ಕೆಟ್ಟರೆ ಮೇಲೇರುವ ಸಾಮರ್ಥ್ಯದ ಶೇಕಡಾ 80ರಷ್ಟು ಅಥವಾ ಅದಕ್ಕೂ ಹೆಚ್ಚು ನಷ್ಟವಾಗುತ್ತದೆಂದು ಚಾಲಕರಿಗೆ ಕಲಿಸುತ್ತಾರೆ. ಇನ್ನು ಹಾಸಿಗೆ ಹಿಡಿದವನ ಔಷಧದ ಖರ್ಚೂ ಸೇರಿಕೊಂಡರೆ? ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ಅಗಲವಾಗಿ ಒಡ್ಡಿಕೊಂಡು ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ಅದರ ಅಲಗುಗಳ ಅಂಚನ್ನು ಗಾಳಿಯ ದಿಕ್ಕಿಗೆ ತಿರುಗಿಸಿ ನಿಲ್ಲಿಸಬೇಕು. ಇದನ್ನು ಫೆದರ್ ಮಾಡುವುದು ಎನ್ನುತ್ತಾರೆ. ಅದು ತಡವಾದರೆ ಉಳಿದ ಹತ್ತು ರೂಪಾಯಿಯೂ ಸಾಲವಾಗುತ್ತದೆ. ಹೆಚ್ಚಿನ ಭಾರವಿದ್ದರೆ, ನಮ್ಮ ರಾಯಚೂರು ಸೀಮೆಯ ಬೇಸಿಗೆಯಂತೆ ಬಿಸಿಲಿಗೆ ಗಾಳಿ ತೆಳುವಾಗಿದ್ದರೆ, ಕಷ್ಟ ಇನ್ನೂ ಹೆಚ್ಚು.

ಎರಡನೆಯ ಅಪಾಯವನ್ನು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಮುಗ್ಗರಿಸಿ, ಇನ್ನೊಂದು ಎಳೆಯುತ್ತಲೇ ಇದ್ದರೆ ಗಾಡಿ ಬಿದ್ದ ಎತ್ತಿನ ಕಡೆಗೆ ತಿರುಗಿಕೊಳ್ಳುತ್ತದೆ. ರೆಕ್ಕೆಗೊಂದರಂತೆ ಎಂಜಿನ್ ಇರುವ ವಿಮಾನವೂ ಹಾಗೆಯೇ. ಬಾಲದ ರಡ್ಡರಿನಿಂದ ಚಾಲಕ ಅದನ್ನು ನೇರ ಹಿಡಿಯಬೇಕು. ಆದರೆ ವೇಗ ಒಂದು ಮಿತಿಗಿಂತ ಇಳಿದರೆ ರಡ್ಡರಿಗೆ ಸಾಕಷ್ಟು ಗಾಳಿ ಸಿಗದೆ, ಆರೋಗ್ಯವಾಗಿರುವ ಎಂಜಿನ್ನೇ ವಿಮಾನವನ್ನು ಮಗುಚಿಹಾಕುತ್ತದೆ. ಆಗ ಜಾಣನಾದವನು ಏನು ಮಾಡಬೇಕು? ಗಾಡಿಯವನು ಗಟ್ಟಿ ಎತ್ತಿನ ಹಗ್ಗ ಜಗ್ಗುವಂತೆ ಒಳ್ಳೆಯ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸಿ, ಮೂತಿಯನ್ನು ಕೆಳಗಿಳಿಸಿ ವೇಗವನ್ನು ಪಡೆಯಬೇಕು. ನೆಲ ಹತ್ತಿರವಿರುವಾಗ ಹಾಗೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದಲೇ ಮೇಲೇರಿದ ಮೊದಲ ಕ್ಷಣಗಳು ಇಂತಹ ವಿಮಾನಗಳಿಗೆ ಅತ್ಯಂತ ಕಠಿಣ. ಎರಡನೆಯ ಎಂಜಿನ್ ಇರುವುದು ನಿಮ್ಮನ್ನು ಅಪಘಾತದ ಸ್ಥಳದವರೆಗೆ ತಲುಪಿಸಲು ಎಂಬ ಕಹಿ ಹಾಸ್ಯ ಚಾಲಕರಲ್ಲಿ ಪ್ರಚಲಿತವಾಗಿದೆ.

ಆದರೆ ಚರಿತ್ರೆಯನ್ನು ತಿರುವಿದರೆ ಇನ್ನೊಂದು ಸತ್ಯ ಗೋಚರಿಸುತ್ತದೆ. ಅನೇಕ ಸಲ ಎಂಜಿನ್ನಿನ ಸಂಖ್ಯೆ ಪ್ರಶ್ನೆಯೇ ಅಲ್ಲ. ಮೋಡ ಮುಸುಕಿದ ಬೆಟ್ಟಸೀಮೆಯಲ್ಲಿ ಎರಡೂ ಎಂಜಿನ್ ಚೆನ್ನಾಗಿದ್ದರೂ ಬೆಟ್ಟ ಪಕ್ಕಕ್ಕೆ ಸರಿಯುವುದಿಲ್ಲ. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಅವರು ಕಾನ್ಪುರದ ಸಭೆಗೆ ಹೊರಟಿದ್ದ ಕಿಂಗ್ ಏರ್ ಸಿ 90 ವಿಮಾನ ಉತ್ತರ ಪ್ರದೇಶದ ಮೈನ್‌ಪುರಿ ಜಿಲ್ಲೆಯಲ್ಲಿ ಕೆಟ್ಟ ಹವೆಯ ನಡುವೆ ಬಿದ್ದು, ಪತ್ರಕರ್ತರೂ ಸೇರಿ ಎಂಟು ಜನ ಸತ್ತರು. 2009ರ ಸೆಪ್ಟೆಂಬರ್ 2ರಂದು ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಕಾಣೆಯಾದ ರಾತ್ರಿ, ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದು ನೆಲೆಸಿದವರು ಟಿ.ವಿ. ಮುಂದೆ ನಿದ್ದೆಯಿಲ್ಲದೆ ಕುಳಿತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ಬೆಲ್ 430 ಕೂಡ ಎರಡು ಎಂಜಿನ್ನಿನದೇ. ಗೇರ್‌ಬಾಕ್ಸಿನ ಎಣ್ಣೆಯ ಒತ್ತಡದ ಸೂಚನೆಯ ಬಗ್ಗೆ ಚಾಲಕರು ಕೈಪಿಡಿಯನ್ನು ಹುಡುಕುವುದರಲ್ಲಿ ಮಗ್ನರಾಗಿದ್ದಾಗ, ಮಳೆಮೋಡದ ಬಲವಾದ ಇಳಿಗಾಳಿಗೆ ಸಿಲುಕಿ ನಿಯಂತ್ರಣ ತಪ್ಪಿತೆಂದು ತನಿಖೆ ಹೇಳಿತು. 2015ರ ಡಿಸೆಂಬರ್ 22ರಂದು ಗಡಿ ಭದ್ರತಾ ಪಡೆಯ ಸೂಪರ್ ಕಿಂಗ್ ಏರ್ ದೆಹಲಿಯಲ್ಲಿ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿದ್ದು ಹತ್ತು ಜನ ತೀರಿಕೊಂಡರು. ಮಂಜು ಕವಿದ ಹವೆಯಲ್ಲಿ, ಸಾಕಷ್ಟು ಎತ್ತರ ತಲುಪುವ ಮೊದಲೇ, ದಿಕ್ಕಿನ ಆಯ್ಕೆ ಮಾಡದೆ ಸ್ವಯಂಚಾಲಕವನ್ನು ಹಾಕಿದ್ದು, ವಿಮಾನ ಎಡಕ್ಕೆ ವಾಲುತ್ತ ಹೋದಾಗ ಸರಿಪಡಿಸದಿದ್ದುದು ಕಾರಣವೆಂದು ತನಿಖೆ ಕಂಡುಕೊಂಡಿತು.

ನಮ್ಮ ಕರ್ನಾಟಕದ ಉದಾಹರಣೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ‘ಸಾರಸ್’ ಎಂಬ ಎರಡು ಎಂಜಿನ್ನಿನ ಸಣ್ಣ ವಿಮಾನ 2004ರ ಮೇ 29ರಂದು ಮೊದಲು ಹಾರಿತು. ಅದರ ಎರಡನೆಯ ಮಾದರಿ 2009ರ ಮಾರ್ಚ್ 6ರ ಶುಕ್ರವಾರ ಮಧ್ಯಾಹ್ನ ಬಿಡದಿಯ ಬಳಿಯ ಶೇಷಗಿರಿಹಳ್ಳಿಯಲ್ಲಿ ನೆಲಕ್ಕುರುಳಿತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಹುತಾತ್ಮರಾದರು. ಅಂದಿನ ಪರೀಕ್ಷೆ ಯಾವುದು ಗೊತ್ತೇ? ಆಕಾಶದಲ್ಲಿ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ, ಮತ್ತೆ ಹೊತ್ತಿಸಿ ನೋಡುವುದು. ಮತ್ತೆ ಹೊತ್ತಿಸಲು ರೂಪಿಸಿದ್ದ ಕ್ರಮವೇ ತಪ್ಪಾಗಿತ್ತು, ಅದಕ್ಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ತಿಳಿಸಿತು. ವರ್ಷಗಳ ಕಾಲ ಕೆಲಸ ಸ್ತಬ್ಧವಾಯಿತು. 2018ರ ಜನವರಿ 24ರಂದು ತಿದ್ದಿದ ಸಾರಸ್ ಮತ್ತೆ ಆಕಾಶಕ್ಕೇರಿತು.

ಆ ಮೂವರು ಮಡಿದದ್ದು ನನ್ನ ಶಿಷ್ಯ ಕೇಳಿದ ಪ್ರಶ್ನೆಯನ್ನೇ ಆಕಾಶಕ್ಕೆ ಹೋಗಿ ಕೇಳುತ್ತ. ಒಂದು ಎಂಜಿನ್ ನಿಂತರೆ ಏನಾಗುತ್ತದೆ? ಮುಂದೆ ಆ ವಿಮಾನದಲ್ಲಿ ಕೂರುವವರಿಗಾಗಿ ಅವರು ಅದನ್ನು ಪರೀಕ್ಷಿಸುತ್ತಿದ್ದರು. ಅವರ ಸಾವಿಗೂ ತಪ್ಪಿನ ಹೆಸರು ಹುಡುಕಿ ಬರೆದಿಟ್ಟರು, ಹಣೆಬರಹವೆಂದು ಕಡತ ಮುಚ್ಚಲಿಲ್ಲ. ಇದು ತಿಳಿದ ದಿನ ನನ್ನ 1994ರ ಉತ್ತರ ನನಗೆ ಬಹಳ ಹಗುರವಾಗಿ ಕಂಡಿತು.

ಇಷ್ಟನ್ನೂ ಶಿಷ್ಯನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಕೊನೆಗೆ “ಹಂಗಾದ್ರ ಕಳಸಲೋ ಬ್ಯಾಡೋ ಸರ?” ಎಂದ. ನಾನು ಯಾವ ಭರವಸೆಯನ್ನೂ ಕೊಡಲಿಲ್ಲ. ಒಬ್ಬರ ಮಗಳ ವಿಷಯದಲ್ಲಿ ಸುಲಭದ ಮಾತನ್ನು ಎರಡನೆಯ ಸಲ ಆಡಬಾರದೆಂದು ನಿಶ್ಚಯಿಸಿದ್ದೆ. ಇಷ್ಟು ಮಾತ್ರ ಹೇಳಿದೆ: “ಒಂದು ಎಂಜಿನ್ ನಿಂತಾಗ ಏನು ಮಾಡಬೇಕೆಂಬುದನ್ನು ಅವಳಿಗೆ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆಯೇ ಎಂದು ಕೇಳು. ಹವೆ ಕೆಟ್ಟಾಗ ‘ಇವತ್ತು ಹಾರುವುದಿಲ್ಲ’ ಎನ್ನಲು ಅವಳಿಗೆ ಧೈರ್ಯವಿದೆಯೇ ಎಂದು ಕೇಳು. ದೊಡ್ಡವರು ಕಾಯುತ್ತಿದ್ದಾರೆ, ಸಭೆಗೆ ಹೊತ್ತಾಯಿತು ಎಂದು ಯಾರಾದರೂ ಒತ್ತಾಯಿಸಿದರೂ ಒಲ್ಲೆ ಎನ್ನಬಲ್ಲಳೇ ಎಂದು ಕೇಳು. ಉತ್ತರ ಅವಳ ಬಾಯಿಂದಲೇ ಬರಲಿ.”

ಎರಡು ದಿನ ಬಿಟ್ಟು ಆ ಹುಡುಗಿಯೇ ಕರೆ ಮಾಡಿದಳು. “ಅಜ್ಜಾರ, ನಮ್ಮಪ್ಪ ಕೊಟ್ಟ ಪ್ರಶ್ನಿಪತ್ರಿಕಿ ನಿಮ್ದಂತಲ್ರಿ” ಎಂದು ನಕ್ಕಳು. ಆಮೇಲೆ ಜೋಡೆತ್ತಿನ ಉಪಮೆಯಲ್ಲಿ ಒಂದು ಲೋಪವನ್ನು ತೋರಿಸಿದಳು. ಗಾಡಿ ನಿಲ್ಲಿಸಿ ಕೆಳಗಿಳಿಯಬಹುದು, ವಿಮಾನ ನಿಲ್ಲಿಸಲಾಗದು. ಆದ್ದರಿಂದ ನಿರ್ಧಾರವೆಲ್ಲ ಹೊರಡುವ ಮೊದಲೇ ಆಗಿರಬೇಕು ಎಂದಳು. ಒಪ್ಪಿಕೊಂಡೆ. ಅಪ್ಪ ಕೇಳಿದ ಪ್ರಶ್ನೆಗೆ ಮಗಳು ನನಗಿಂತ ಚೆನ್ನಾಗಿ ಉತ್ತರ ಹೇಳಿದಳು.

ನನ್ನ ಬಳಿ ಕಲಿತು ಇಂದು ಶಿಕ್ಷಕರಾಗಿರುವ ಶಿಷ್ಯರಲ್ಲಿ ಒಂದು ವಿನಂತಿ. ಹಿಂದಿನ ಬೆಂಚಿನಿಂದ ಉತ್ತರ ತಿಳಿಯದ ಪ್ರಶ್ನೆ ಬಂದರೆ, “ಗೊತ್ತಿಲ್ಲಪ್ಪ, ನಾಳೆ ಓದಿಕೊಂಡು ಬಂದು ಹೇಳುತ್ತೇನೆ” ಎನ್ನಿ. ನನಗೆ ಆ ನಾಳೆ ಬರಲು ಮೂವತ್ತು ವರ್ಷ ಮೀರಿತು.

ಎಲ್ಲರಿಗೂ ಶುಭವಾಗಲಿ.