ಮಹಾಜನ್ ವರದಿಯಲ್ಲಿ ನಮ್ಮ ನಿಪ್ಪಾಣಿ ಎಲ್ಲಿದೆ?

ಇವತ್ತು ಬಸ್ಸಿನ ವಿಷಯದಿಂದಲೇ ಶುರು ಮಾಡೋಣ. 2022ರ ಡಿಸೆಂಬರ್ 6ರಂದು ಇಲ್ಲೇ ಪುಣೆಯ ಸ್ವಾರಗೇಟ್ ಹತ್ತಿರ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅದೇ ದಿನ ಬೆಳಗಾವಿ ಬಳಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಆ ವಾರ ನಾನು ನಿಪ್ಪಾಣಿಗೆ ಹೊರಟಿದ್ದೆ, ಬಸ್ ರದ್ದಾಯಿತು. ಫೋನ್ ಮಾಡಿದರೆ ಅಜ್ಜಿ, "ಬಸ್ಸಿಗೆ ಯಾವ ಭಾಷಾ ಐತೋ ತಮ್ಮಾ?" ಅಂದಳು. ಆಕೆಯದು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ.

ಈ ಜಗಳದ ಬೇರು 1956ರಲ್ಲಿದೆ. ಆ ವರ್ಷ ನವೆಂಬರ್ 1ರಂದು ಬೆಳಗಾವಿ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಮಹಾರಾಷ್ಟ್ರ 814 ಹಳ್ಳಿಗಳ ಜೊತೆಗೆ ಬೆಳಗಾವಿ, ಕಾರವಾರ, ನಿಪ್ಪಾಣಿ ತನಗೆ ಸೇರಬೇಕು ಅಂತು. 1966ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. 1967ರ ವರದಿ ಹೇಳಿದ್ದಿಷ್ಟು: ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ. ಅಕ್ಕಲಕೋಟೆ ಸೇರಿ 247 ಹಳ್ಳಿಗಳು ಮೈಸೂರಿಗೆ ಬರಲಿ. ನಿಪ್ಪಾಣಿ, ಖಾನಾಪುರ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ.

ಮಹಾರಾಷ್ಟ್ರ ಒಪ್ಪಲಿಲ್ಲ. ನಮ್ಮ ಕಡೆ "ಮಹಾಜನ್ ವರದಿಯೇ ಅಂತಿಮ" ಅನ್ನೋದು ಘೋಷಣೆಯಾಯಿತು. ನಾನೂ ಕಾಲೇಜಿನಲ್ಲಿ ಹಾಗೇ ಕೂಗಿದ್ದೆ, ವರದಿ ಓದದೇ! ಆಮೇಲೆ ಓದಿದಾಗ ಗೊತ್ತಾಯಿತು: ಅದು ಜಾರಿಯಾಗಿದ್ದರೆ ನಮ್ಮೂರು ಮಹಾರಾಷ್ಟ್ರದಲ್ಲಿರುತ್ತಿತ್ತು.

ಇದೇ ಮಹಾಜನ್ 1947ರಲ್ಲಿ ರಾಡ್‌ಕ್ಲಿಫ್ ಅಧ್ಯಕ್ಷತೆಯ ಪಂಜಾಬ್ ಗಡಿ ಆಯೋಗದ ಸದಸ್ಯರಾಗಿದ್ದರು. ಅಲ್ಲಿನ ಗೆರೆ ಆಗಸ್ಟ್ 17ರಂದು ಪ್ರಕಟವಾಯಿತು, ಸ್ವಾತಂತ್ರ್ಯ ಬಂದ ಎರಡು ದಿನಕ್ಕೆ. ಆ ವಿಭಜನೆಯಲ್ಲಿ ಲಕ್ಷಾಂತರ ಜನ ಸತ್ತರು. ನಮ್ಮ ಗೆರೆ ಅಷ್ಟು ರಕ್ತ ಕೇಳಲಿಲ್ಲ, ಯಾಕಂದ್ರೆ ದಾಟಿದರೂ ನಾವು ಇದೇ ದೇಶದ ಪ್ರಜೆಗಳೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ತಪ್ಪು. ಆದರೆ ಎರಡರಲ್ಲೂ ಒಂದು ಪ್ರಶ್ನೆ ಉಳಿಯುತ್ತೆ: ಎರಡು ಭಾಷೆಯ ಮನೆಯನ್ನ, ಎರಡು ಧರ್ಮದ ಓಣಿಯನ್ನ ನಕ್ಷೆ ಯಾವ ಬಣ್ಣದಲ್ಲಿ ತೋರಿಸಬೇಕು?

2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಎರಡೂ ಮುಖ್ಯಮಂತ್ರಿಗಳು, ತೀರ್ಪು ಬರುವವರೆಗೆ ಯಾರೂ ಹಕ್ಕು ಸಾಧಿಸೋದಿಲ್ಲ ಅಂತ ಒಪ್ಪಿದರು. ಮಸಿ ತೊಳೆದುಕೊಂಡು ಬಸ್ಸುಗಳು ಮತ್ತೆ ಓಡಿದವು. ಕಲ್ಲು ಬಿದ್ದಾಗ ಸ್ಟೀರಿಂಗ್ ಹಿಂದೆ ಕೂತಿದ್ದವರು ಯಾವ ವರದಿಯನ್ನೂ ಬರೆದಿರಲಿಲ್ಲ.

ಮುಂದಿನ ಸಲ ಘೋಷಣೆ ಕೇಳಿದಾಗ ಒಂದೇ ಮಾತು ಕೇಳಿ: ಆ ವರದಿಯಲ್ಲಿ ನಿಮ್ಮೂರು ಯಾವ ಕಡೆ ಇದೆ?