ತಕ್ಕಡಿ ಹಿಡಿದ ಮೂರು ವಿದ್ಯೆಗಳು

ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಅನೇಕ ಕುಟುಂಬಗಳಲ್ಲಿ ಒಂದೇ ಚರ್ಚೆ. ರಸಾಯನಶಾಸ್ತ್ರದ ಪದವಿಯೋ, ವಾಣಿಜ್ಯ ಹಾಗೂ ವ್ಯವಹಾರ ನಿರ್ವಹಣೆಯೋ, ಇಲ್ಲವೇ ವೈದ್ಯಕೀಯ ಉಪಕರಣಗಳ ಇಂಜಿನಿಯರಿಂಗೋ? ಶುಲ್ಕವೆಷ್ಟು, ಮುಂದೆ ಸಂಬಳವೆಷ್ಟು ಎಂದು ಹೆತ್ತವರು ಲೆಕ್ಕ ಹಾಕುವುದು ಸಹಜ. ಆದರೆ ಪ್ರಿಯ ಓದುಗರೇ, ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ಮೂರು ವಿದ್ಯೆಗಳ ಚರಿತ್ರೆಯನ್ನು ತೆರೆದು ನೋಡಿದರೆ ಮೂರರ ಬುಡದಲ್ಲಿಯೂ ಒಂದೇ ವಸ್ತು ಕಾಣಸಿಗುತ್ತದೆ. ಅದೇ ತಕ್ಕಡಿ, ಅಂದರೆ ಸತ್ಯವಾದ ಅಳತೆ.

ಮೊದಲು ರಸಾಯನಶಾಸ್ತ್ರವನ್ನು ನೋಡೋಣ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೆ ಕ್ರಿಯೆಗೆ ಮೊದಲು ಮತ್ತು ನಂತರ ವಸ್ತುಗಳನ್ನು ತೂಗಿ, ದ್ರವ್ಯ ನಾಶವಾಗದೆ ರೂಪ ಬದಲಿಸುತ್ತದೆಂದು ತೋರಿಸಿದನು. ಈ ತಕ್ಕಡಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟ ಕೀರ್ತಿ ಜರ್ಮನಿಯ ಲೀಬಿಗ್‌ಗೆ ಸಲ್ಲುತ್ತದೆ. 1824ರಲ್ಲಿ, ಕೇವಲ 21ರ ಹರೆಯದಲ್ಲಿ, ಆತ ಗೀಸೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಗುರು ಮಾಡಿ ತೋರಿಸುವ ಪ್ರಯೋಗವನ್ನು ಶಿಷ್ಯರು ಕುಳಿತು ನೋಡಿದರೆ ಸಾಲದು, ತಾವೇ ಮಾಡಿ ಕಲಿಯಬೇಕೆಂಬುದು ಅವನ ಕ್ರಮ. 1831ರಲ್ಲಿ ಅವನು ಐದು ಗುಂಡುಗಳುಳ್ಳ ಗಾಜಿನ ಉಪಕರಣವೊಂದನ್ನು ರೂಪಿಸಿದನು. ವಸ್ತುವನ್ನು ಸುಟ್ಟಾಗ ಹೊರಡುವ ಇಂಗಾಲದ ಡೈ ಆಕ್ಸೈಡನ್ನು ಅದರೊಳಗಿನ ಪೊಟ್ಯಾಷ್ ದ್ರಾವಣ ಹೀರಿಕೊಳ್ಳುತ್ತಿತ್ತು. ಹೆಚ್ಚಿದ ತೂಕದಿಂದ ವಸ್ತುವಿನಲ್ಲಿದ್ದ ಇಂಗಾಲವೆಷ್ಟೆಂದು ತಿಳಿಯುತ್ತಿತ್ತು. ನಮ್ಮ ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ವಿಭಾಗಗಳಲ್ಲಿಯೂ ರಸಾಯನಶಾಸ್ತ್ರವಿತ್ತು. ಅದರ ಪ್ರಥಮ ನಿರ್ದೇಶಕ ಮಾರಿಸ್ ಟ್ರಾವರ್ಸ್, 1898ರಲ್ಲಿ ರಾಮ್ಸೆಯೊಡನೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದ ವಿಜ್ಞಾನಿ.

ವ್ಯಾಪಾರದ ವಿದ್ಯೆಗೆ ಮಾತ್ರ ವಿಶ್ವವಿದ್ಯಾನಿಲಯದ ಬಾಗಿಲು ಬಹುಕಾಲ ತೆರೆದಿರಲಿಲ್ಲ. ಅದು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ, ತಂದೆಯಿಂದ ಮಗ ಕಲಿಯುವ ಕಸುಬೆಂದೇ ಜನರ ಎಣಿಕೆ. ಹಾಗಿದ್ದರೂ ಅದರ ಲೆಕ್ಕದ ಕ್ರಮವನ್ನು ಮೊದಲ ಬಾರಿಗೆ ವಿವರವಾಗಿ ಅಚ್ಚಿಗೆ ತಂದವರಲ್ಲಿ ಪ್ರಮುಖನು ಒಬ್ಬ ಫ್ರಾನ್ಸಿಸ್ಕನ್ ಸಂನ್ಯಾಸಿ, ಲೂಕಾ ಪಾಚೋಲಿ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಆತ ಅಲ್ಲಿಯ ವರ್ತಕರ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದನು. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು, ಎರಡು ಕಡೆಯ ಮೊತ್ತವೂ ಸರಿದೂಗಬೇಕು. ಇದೂ ತಕ್ಕಡಿಯೇ ಅಲ್ಲವೇ? ಲೆಕ್ಕದ ಪುಸ್ತಕವನ್ನು ದೇವರ ನಾಮದಿಂದ ಆರಂಭಿಸಬೇಕೆಂದೂ ಆತ ತಿಳಿಸಿದ್ದನು. 1881ರಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿಯ ದಾನದಿಂದ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯವಹಾರ ಶಿಕ್ಷಣದ ಶಾಲೆ ತೆರೆಯಿತು. 1913ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಬಂತು. 1949ರಲ್ಲಿ ಯೇಸುಸಭೆಯ ಗುರು ಕ್ವಿನ್ ಎನ್‌ರೈಟ್ ಜಮ್‌ಶೆಡ್‌ಪುರದಲ್ಲಿ, ಕಾರ್ಖಾನೆಗಳ ನಡುವೆಯೇ, ಇಂದು ಎಕ್ಸ್‌.ಎಲ್‌.ಆರ್‌.ಐ. ಎಂದು ಹೆಸರಾಗಿರುವ ಸಂಸ್ಥೆಯನ್ನು ಆರಂಭಿಸಿದರು.

ಮೂರನೆಯದು ಇವುಗಳಲ್ಲಿ ಕಿರಿಯದು. 20ನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದ ಐಂತೋವನ್, ಹೃದಯದ ಸೂಕ್ಷ್ಮ ವಿದ್ಯುತ್ತನ್ನು ಅಳೆಯುವ ತಂತಿ ಗ್ಯಾಲ್ವನೋಮೀಟರನ್ನು ನಿರ್ಮಿಸಿದನು. ಅದರ ತೂಕ ಸುಮಾರು 270 ಕಿಲೋ. ನಡೆಸಲು ಐವರು ಬೇಕಾಗಿತ್ತು. ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕುಳಿತಿರಬೇಕಿತ್ತು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ತೆಗೆಯುವ ಇ.ಸಿ.ಜಿ.ಯ ಮೂಲ ಅದೇ. ಐಂತೋವನ್‌ಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಮೂರು ವಿದ್ಯೆಗಳು ಒಂದೆಡೆ ಸೇರಿದರೆ ಏನಾಗಬಲ್ಲದೆಂಬುದಕ್ಕೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಹೃದಯ ಕವಾಟ ಒಳ್ಳೆಯ ನಿದರ್ಶನ. ಮುಂದೆ ಮಣಿಪಾಲ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಯಾದ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಆ ಕೆಲಸ ನಡೆಯಿತು. ನಮ್ಮ ಹೃದಯ ವರ್ಷಕ್ಕೆ ಸುಮಾರು 4 ಕೋಟಿ ಸಲ ಬಡಿಯುತ್ತದೆ. ಕವಾಟ ಅಷ್ಟು ಸಲವೂ ತೆರೆದು ಮುಚ್ಚಬೇಕು, ಅದರ ಲೋಹವೂ ಪ್ಲಾಸ್ಟಿಕ್ಕೂ ರಕ್ತಕ್ಕೆ ಒಗ್ಗಬೇಕು, ಬೆಲೆಯೂ ಬಡವರಿಗೆ ಎಟುಕಬೇಕು. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಸೋಲನ್ನು ಮುಚ್ಚಿಡದೆ ವಸ್ತುವನ್ನೂ ವಿನ್ಯಾಸವನ್ನೂ ಬದಲಿಸಿ ಮತ್ತೆ ಮತ್ತೆ ಪರೀಕ್ಷಿಸಿದ ಬಳಿಕವೇ, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಲಾಯಿತು.

ತಕ್ಕಡಿ ಸುಳ್ಳಾದ ಚರಿತ್ರೆಯೂ ಉಂಟು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರವು 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಸುರಿಯಿತು. ಕೆಲವರು ಪ್ರಾಣ ಕಳೆದುಕೊಂಡರು. ಹಿಂದಿನ ಯಂತ್ರಗಳಲ್ಲಿದ್ದ ಸುರಕ್ಷತಾ ತಡೆಗಳನ್ನು ತೆಗೆದು ಗಣಕದ ತಂತ್ರಾಂಶವೊಂದನ್ನೇ ನಂಬಲಾಗಿತ್ತು. ರೋಗಿಗಳ ನೋವಿನ ಮಾತಿಗೆ ಮೊದಮೊದಲು ಬೆಲೆ ಸಿಗಲಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರೇ, ಲೆಕ್ಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಮೀರಿದ ನಗದು ವಾಸ್ತವವಾಗಿ ಇಲ್ಲವೆಂದು ಪತ್ರ ಬರೆದರು. ಇವೆರಡರ ಹಿಂದೆಯೂ ಇದ್ದವರು ಅವಿದ್ಯಾವಂತರಲ್ಲ. ಉನ್ನತ ಶಿಕ್ಷಣ ಪಡೆದವರು.

ಪವಿತ್ರ ಬೈಬಲ್‌ನಲ್ಲಿ ಮೋಸದ ತಕ್ಕಡಿಯ ವಿರುದ್ಧ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ. ಧರ್ಮಶಾಸ್ತ್ರದಲ್ಲಿ ಅದು ಆಜ್ಞೆ, ಜ್ಞಾನೋಕ್ತಿಗಳಲ್ಲಿ ಬುದ್ಧಿವಾದ, ಪ್ರವಾದಿ ಆಮೋಸನ ಬಾಯಲ್ಲಿ ಬಡವರ ಪರವಾದ ಆಕ್ರೋಶ. ಸರ್ವೇಶ್ವರನಿಗೆ ಸಂತೆಯ ತೂಕದಲ್ಲಿ ಇಷ್ಟೊಂದು ಆಸಕ್ತಿಯೇಕೆ? ತೂಕ ತಪ್ಪಿದಾಗ ನಷ್ಟವಾಗುವುದು ಅದನ್ನು ಪರೀಕ್ಷಿಸಲು ಶಕ್ತಿಯಿಲ್ಲದವನಿಗೆ. ಇ.ಸಿ.ಜಿ. ಪಟ್ಟಿಯನ್ನು ರೋಗಿ ಓದಲಾರ. ಕಂಪನಿಯ ಲೆಕ್ಕವನ್ನು ಸಣ್ಣ ಉಳಿತಾಯದಾರ ತಪಾಸಣೆ ಮಾಡಲಾರ. ಅವರು ನಂಬುತ್ತಾರೆ. ಆ ನಂಬಿಕೆಯನ್ನು ಕಾಯುವುದು ನೆರೆಯವನನ್ನು ಪ್ರೀತಿಸುವ ಒಂದು ಬಗೆ.

ಆದುದರಿಂದ, ಹೆತ್ತವರೇ, ಶಿಕ್ಷಕರೇ, ನಮ್ಮ ಮಕ್ಕಳು ಯಾವ ಕೋರ್ಸನ್ನಾದರೂ ಆರಿಸಿಕೊಳ್ಳಲಿ. ಪ್ರಯೋಗಾಲಯದಲ್ಲಿ ತನಗೆ ಬಂದ ಅಳತೆ ಪಕ್ಕದವನದಕ್ಕಿಂತ ಬೇರೆಯಾದಾಗ, ಅಂಕಕ್ಕಾಗಿ ಅದನ್ನು ತಿದ್ದಿ ರೆಕಾರ್ಡ್ ಪುಸ್ತಕದಲ್ಲಿ ಬರೆಯುವ ಆಮಿಷ ಅವರಿಗೆ ಎದುರಾಗುತ್ತದೆ. ಆಗ ಬಂದದ್ದನ್ನೇ ಬರೆದವನಿಗೆ ಒಂದು ಅಂಕ ಹೋದರೂ ನಾವು ಅವನನ್ನು ಗದರದಿರೋಣ. ನಾಳೆ ಒಬ್ಬ ರೋಗಿಯ ಜೀವ, ಒಂದು ಮನೆಯ ಉಳಿತಾಯ ಅವನ ಕೈಯಲ್ಲಿರುತ್ತದೆ.