ವೆಲ್ಲಿಂಗ್ಟನ್ ದೊರೆಯ ಹೆಸರಿನ ಮರ, ಬೆಂಕಿ ಬೇಡುವ ಬೀಜ

ಪಣಕಹಳ್ಳಿ: ಕೂನೂರಿನ ಕಡೆ ಹೋಗಿ ಬಂದವರಿಗೆ ವೆಲ್ಲಿಂಗ್ಟನ್ ಎಂಬ ಹೆಸರು ಹೊಸದಲ್ಲ. ಬಡಗರ ಊರಾದ ಜಗತಳದ ಪಕ್ಕದ ದಂಡು ಪ್ರದೇಶಕ್ಕೆ ಬ್ರಿಟಿಷರು ತಮ್ಮ ಸೇನಾಪತಿಯ ಹೆಸರಿಟ್ಟರು. ಅದೇ ಹೆಸರನ್ನು ಅವರು ಪ್ರಪಂಚದ ಅತಿ ದೊಡ್ಡ ಮರಕ್ಕೂ ಇಟ್ಟಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಆ ಮರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸಿಯೆರಾ ನೆವಾಡ ಬೆಟ್ಟಸಾಲಿನದು. ತೊಗಟೆಯ ಬಣ್ಣದಿಂದ ರೆಡ್‌ವುಡ್, ಅಂದರೆ ಕೆಂಪು ಮರ ಎನ್ನುತ್ತಾರೆ. ಸಿಕೋಯಾ ಎಂದೂ ಕರೆಯುತ್ತಾರೆ. ಅಲ್ಲಿನ 'ಜನರಲ್ ಶರ್ಮನ್' ಎಂಬ ಮರದ ಎತ್ತರ 83.8 ಮೀಟರ್, ನೆಲಮಟ್ಟದಲ್ಲಿ ಸುತ್ತಳತೆ 31 ಮೀಟರ್. ನಾಲ್ಕು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಬುಡವನ್ನು ತಬ್ಬಲು ಇಪ್ಪತ್ತು ಜನ ಬೇಕು. ವಯಸ್ಸು ಸುಮಾರು 2,200 ವರ್ಷ.

ವೆಲ್ಲಿಂಗ್ಟನ್ ಡ್ಯೂಕ್ ತೀರಿಕೊಂಡದ್ದು 1852ರಲ್ಲಿ. ಮರುವರ್ಷವೇ ವಿಲಿಯಂ ಲಾಬ್ ಎಂಬ ಸಸ್ಯ ಸಂಗ್ರಾಹಕ ಈ ಮರದ ಬೀಜಗಳನ್ನು ಇಂಗ್ಲೆಂಡಿಗೆ ತಂದ. ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲೆ ಅದಕ್ಕೆ 'ವೆಲ್ಲಿಂಗ್ಟೋನಿಯಾ' ಎಂದು ಹೆಸರಿಟ್ಟ. ತಮ್ಮ ನೆಲದ ಮರಕ್ಕೆ ಇಂಗ್ಲಿಷ್ ದೊರೆಯ ಹೆಸರೇ ಎಂದು ಅಮೆರಿಕದವರು ಸಿಟ್ಟಾದರು. ಅದೇ ಹೆಸರು ಬೇರೊಂದು ಗಿಡಕ್ಕೆ ಮೊದಲೇ ಇದ್ದುದರಿಂದ ಶಾಸ್ತ್ರದಲ್ಲಿ ಅದು ನಿಲ್ಲಲಿಲ್ಲ. ಬ್ರಿಟನ್ನಿನ ಜನರ ಬಾಯಲ್ಲಿ ಮಾತ್ರ ಇಂದಿಗೂ ಉಳಿದಿದೆ.

ಈ ದೊರೆ ನಮ್ಮ ಸೀಮೆಗೆ ಹೊಸಬನಲ್ಲ. ಆಗ ಅವನ ಹೆಸರು ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನಪೇಟೆಯ ತೋಪಿಗೆ ನುಗ್ಗಿ, ಕತ್ತಲಲ್ಲಿ ಮರಗಳ ನಡುವೆ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ಹಿಂದಕ್ಕೆ ಬಂದವನು. ತೋಪಿನಲ್ಲಿ ಸೋತವನ ಹೆಸರು ಮರಕ್ಕೆ! ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಅವನ ಕೈಗೆ ಬಂತು, ಕೊಯಮತ್ತೂರು ಸೀಮೆ ಕಂಪನಿಯ ಪಾಲಾಯಿತು.

ಬ್ರಿಟನ್ನಿನ ಜಮೀನ್ದಾರರಿಗೆ ಈ ಮರ ಒಂದು ಅಂತಸ್ತಿನ ಗುರುತಾಯಿತು. ವಾಟರ್ಲೂ ಗೆಲುವಿನ ನಂತರ 1817ರಲ್ಲಿ ಡ್ಯೂಕ್‌ಗೆ ದೊರೆತ ಸ್ಟ್ರಾಟ್‌ಫೀಲ್ಡ್ ಸೇ ಎಸ್ಟೇಟಿನಲ್ಲಿ ಈ ಮರಗಳಿವೆ. ಸ್ಕಾಟ್ಲೆಂಡಿನ ಬೆನ್‌ಮೋರ್ ಎಸ್ಟೇಟಿನಲ್ಲಿ 1863ರಲ್ಲಿ ದಾರಿಯ ಎರಡೂ ಬದಿಗೆ ಸಾಲಾಗಿ ನೆಟ್ಟ 49 ಮರಗಳು ಈಗ 50 ಮೀಟರ್ ದಾಟಿವೆ. ನೂರರವತ್ತು ವರ್ಷ ಎಂದರೆ ಈ ಜಾತಿಗೆ ಬಾಲ್ಯವೇ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಬ್ರಿಟನ್ನಿನಲ್ಲಿ ಚಿಕ್ಕದು ದೊಡ್ಡದು ಸೇರಿ ಸುಮಾರು 5 ಲಕ್ಷ ಕೆಂಪು ಮರಗಳಿವೆ. ತವರಿನಲ್ಲಿ ಉಳಿದಿರುವ ದೊಡ್ಡ ಮರಗಳು ಸುಮಾರು 80 ಸಾವಿರ.

ಆದರೆ ಎಸ್ಟೇಟಿನ ಮರದ ಕೆಳಗೆ ಮರಿ ಸಸಿ ಹುಡುಕಿದರೆ ಸಿಗುವುದು ಅಪರೂಪ. ಎಲ್ಲವೂ ಕೈಯಿಂದ ನೆಟ್ಟವೇ. ಇದರ ಕಾಯಿ ಕೋಳಿಮೊಟ್ಟೆಯಷ್ಟಿದ್ದು, ವರ್ಷಗಟ್ಟಲೆ ಬಾಯಿ ಬಿಡದೆ ಕೊಂಬೆಯಲ್ಲೇ ಇರಬಲ್ಲದು. ಕೆಳಗೆ ಬೆಂಕಿ ಹರಿದಾಗ ಆ ಬಿಸಿಗೆ ಕಾಯಿ ಒಣಗಿ ಬಿಚ್ಚಿಕೊಂಡು, ಓಟ್ಸ್ ಕಾಳಿಗಿಂತ ಸಣ್ಣ ಬೀಜಗಳು ಉದುರುತ್ತವೆ. ತರಗು ಸುಟ್ಟು ಮಣ್ಣು ತೆರೆದಿದ್ದರೆ ಮಾತ್ರ ಚೆನ್ನಾಗಿ ಮೊಳೆಯುತ್ತವೆ. ದೊಡ್ಡ ಮರಕ್ಕೆ ಸಣ್ಣ ಬೆಂಕಿಯಿಂದ ಹೆಚ್ಚು ಹಾನಿಯಿಲ್ಲ. ತೊಗಟೆಯೇ ಎರಡು ಅಡಿಯವರೆಗೆ ದಪ್ಪ.

ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಇಂಥ ಸಣ್ಣ ಬೆಂಕಿ ಹಾಕುತ್ತಿದ್ದರು. ಸರ್ಕಾರ ದಶಕಗಟ್ಟಲೆ ಬೆಂಕಿಯನ್ನೇ ತಡೆಯಿತು. ತಪ್ಪು ಗೊತ್ತಾಗಿ 1960ರ ದಶಕದ ಕೊನೆಗೆ ಅರಣ್ಯದವರೇ ಹದ ನೋಡಿ ಬೆಂಕಿ ಹಾಕಲು ತೊಡಗಿದರು, ಆದರೂ ಬಹುಪಾಲು ಕಾಡಿಗೆ ಅದು ತಲುಪಲಿಲ್ಲ. 2020 ಮತ್ತು 2021ರ ಕಾಳ್ಗಿಚ್ಚು ನೆತ್ತಿಯವರೆಗೆ ಏರಿತು. ದೊಡ್ಡ ಸಿಕೋಯಾಗಳಲ್ಲಿ ನೂರಕ್ಕೆ 13ರಿಂದ 19ರಷ್ಟು ಸತ್ತವು ಎಂದು ಅಂದಾಜು.

ಇದನ್ನು ಓದುವಾಗ ಬಿಳಿಗಿರಿರಂಗನ ಬೆಟ್ಟ ನೆನಪಾಗದೆ ಇರದು. ಅಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರವಿದೆ. ತಮಿಳಿನವರಿಗೆ ಅದು ಶೆಣ್ಬಗ ಮರ. ಸಂಪಿಗೆಯ ಬೀಜಕ್ಕೆ ಬೆಂಕಿ ಬೇಕಿಲ್ಲ, ಹಕ್ಕಿಗಳು ಸಾಕು. ಆದರೆ ಅಲ್ಲಿನ ಒಣ ಕಾಡಿನಲ್ಲಿ ಸೋಲಿಗರು ಬೇಸಿಗೆ ಬಲಿಯುವ ಮೊದಲೇ 'ತರಗು ಬೆಂಕಿ' ಹಾಕುತ್ತಿದ್ದರು. ನೆಲದ ತರಗೆಲೆ ಸುಡುವ ಆ ಬೆಂಕಿ ಮೊಣಕಾಲು ದಾಟುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ನಂತರ ಲಾಂಟಾನ, ನಮ್ಮ ತಾಳವಾಡಿ ಕಡೆ ತಮಿಳು ಮಾತಾಡುವವರ ಉಣ್ಣಿಚೆಡಿ, ಕಾಡನ್ನೇ ಮುಚ್ಚಿತು. ನೆಲ್ಲಿ ಮರದ ಮೇಲೆ 'ಉಪ್ಪಿಲು' ಎಂಬ ಬಂದಳಿಕೆ ಹೆಚ್ಚಾಯಿತು. ಇವೆರಡನ್ನೂ ಹದ್ದಿನಲ್ಲಿಟ್ಟಿದ್ದು ತರಗು ಬೆಂಕಿಯೇ ಎನ್ನುವುದು ಸೋಲಿಗರ ಮಾತು. ಸಂಶೋಧಕರು ಇದನ್ನು ಬರೆದಿಟ್ಟಿದ್ದಾರೆ.

ಹಾಗೆಂದು ಈಗ ಯಾರೂ ಕಡ್ಡಿ ಗೀರಬಾರದು. ಅದು ಕಾನೂನಿನಲ್ಲಿ ಅಪರಾಧ, ಮೇಲಾಗಿ ಇವತ್ತಿನ ಕಾಡು ಅಂದಿನ ಕಾಡಲ್ಲ. ಆಳೆತ್ತರದ ಒಣ ಲಾಂಟಾನಕ್ಕೆ ತಗುಲಿದ ಕಿಡಿ ನೆಲದಲ್ಲಿ ನಿಲ್ಲುವುದಿಲ್ಲ, ಕೊಂಬೆಗೆ ಹತ್ತುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಅದನ್ನು ಕಂಡೆವು. ಮೊದಲು ಲಾಂಟಾನವನ್ನು ಬೇರು ಸಮೇತ ಕಿತ್ತು, ಆಮೇಲೆ ಯಾವ ತಿಂಗಳಲ್ಲಿ, ಎಷ್ಟು ಇಬ್ಬನಿ ಇರುವಾಗ ಬೆಂಕಿ ಹಾಕುತ್ತಿದ್ದರೆಂದು ಬಲ್ಲ ಹಿರಿಯ ಸೋಲಿಗರನ್ನು ಅರಣ್ಯ ಇಲಾಖೆಯವರು ಕೂರಿಸಿ ಕೇಳಬೇಕು. ಅಂಥವರು ಗಡಿಯ ಎರಡೂ ಕಡೆಯ ಹಾಡಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.